ಹುಣಸೆ ಮರದ ಕಾಡುಪಾಪ

ಗಾವಡಗೆರೆಯ ಚಾಮಯ್ಯನವರು ಲೈನ್‌ಮನ್ ಕೆಲಸದಿಂದ ನಿವೃತ್ತರಾಗಿ ಆರು ವರ್ಷವಾಗಿತ್ತು. ಮಳೆಗಾಳಿಯಲ್ಲೂ ಕಂಬ ಬಿಡದ ಕೈ ಈಗ ಕಾಫಿ ಲೋಟ ಹಿಡಿದರೂ ನಡುಗುತ್ತಿತ್ತು. ಅಂಥ ಕೈಗೆ ಅವರು ಕ್ಯಾಮೆರಾ ಅಂಟಿಸಿಕೊಂಡಿದ್ದರು. ಹಗಲಲ್ಲಿ ಕೆರೆಯ ಕೊಕ್ಕರೆ, ಮಿಂಚುಳ್ಳಿ ಹೇಗೋ ಸಿಗುತ್ತಿದ್ದವು. ಕತ್ತಲಾದ ಮೇಲೆ ತೆಗೆದ ಫೋಟೋದಲ್ಲಿ ಮಾತ್ರ ಗೂಬೆಗೆ ನಾಲ್ಕು ಕಣ್ಣು ಬಂದಿರುತ್ತಿದ್ದವು.

ಹವ್ಯಾಸಿಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹೇಳಿದರೆಂದು ಮೂರು ಕೆ.ಜಿ. ತೂಗುವ ಲೆನ್ಸ್ ಕೊಂಡರು. ಹದಿನೈದೇ ದಿನಕ್ಕೆ ಭುಜ ಹಿಡಿದುಕೊಂಡಿತು. ಅದನ್ನು ಮಾರಲು ಹುಣಸೂರಿಗೆ ಹೋದಾಗ ಕ್ಯಾಮೆರಾ ಅಂಗಡಿಯ ವಸಂತ್ ಅವರ ಕೈಯನ್ನೇ ನೋಡುತ್ತ ಹೇಳಿದ:

"ಸಾರ್, ನಡುಗೋದು ನಿಮ್ಮ ಕೈ, ಕ್ಯಾಮೆರಾ ಅಲ್ಲ. ಸ್ಟ್ಯಾಂಡ್ ಮೇಲೆ ಕೂರ್ಸಿ, ಎರಡು ಸೆಕೆಂಡ್ ಟೈಮರ್ ಹಾಕಿ, ಬಟನ್ ಒತ್ತಿ ಕೈ ತೆಗ್ದುಬುಡಿ. ನಿಮ್ಮ ಹಳೇ ಚಿಕ್ಕ ಲೆನ್ಸೇ ಸಾಕು. ನಿಂತ್ಕೋಬೇಡಿ, ಒಂದು ಸ್ಟೂಲ್ ತಗೊಂಡೋಗಿ."

ಅದೇ ವಾರ ಹೆಂಡತಿ ಲಕ್ಷ್ಮಿದೇವಿಯ ಅಕ್ಕ ಚಿಕ್ಕಸಿದ್ದಮ್ಮ ಭೇರ್ಯದಿಂದ ಫೋನ್ ಮಾಡಿದರು. ಅವರ ಹೊಲದ ಬೇಲಿಯ ಹುಣಸೆ ಮರಕ್ಕೆ ಕಾಡುಪಾಪ ಬಂದಿದೆಯಂತೆ. ಅಳಿಲಿನಷ್ಟೇ ಮೈ, ಮುಖದ ತುಂಬ ಕಣ್ಣು ಇರುವ ಆ ಪ್ರಾಣಿಯನ್ನು ಚಾಮಯ್ಯ ಚಿತ್ರದಲ್ಲಷ್ಟೇ ಕಂಡಿದ್ದರು. ಆಗಲೇ ಚೀಲ ಕಟ್ಟಿದರು.

"ಒಬ್ರೇ ಓಗಿ ಹೊಲದ ಬದಿನಲ್ಲಿ ಬಿದ್ರೆ ಎತ್ತೋರ್ಯಾರು? ನಾನೂ ಬತ್ತೀನಿ," ಎಂದು ಲಕ್ಷ್ಮಿದೇವಿ ಸ್ವೆಟರ್ ಹಾಕಿಕೊಂಡರು.

ರಾತ್ರಿ ಒಂಬತ್ತಕ್ಕೆ ಇಬ್ಬರೂ ಹುಣಸೆ ಮರದ ಎದುರು ಪ್ಲಾಸ್ಟಿಕ್ ಸ್ಟೂಲು ಹಾಕಿ ಕೂತರು. ಕ್ಯಾಮೆರಾ ಸ್ಟ್ಯಾಂಡ್ ಮೇಲಿತ್ತು; ಪ್ರಾಣಿ ಬೆಳಕಿಗೆ ಬೆದರದಿರಲೆಂದು ಟಾರ್ಚಿನ ಬಾಯಿಗೆ ಕೆಂಪು ಬಣ್ಣದ ಹಾಳೆ ಕಟ್ಟಿತ್ತು. ಒಂದು ಗಂಟೆ ಏನೂ ಇಲ್ಲ. ಚಳಿಗೆ ಮಂಡಿ ಹಿಡಿಯತೊಡಗಿದಾಗ ಲಕ್ಷ್ಮಿದೇವಿ ಗಂಡನ ತೊಡೆ ತಿವಿದರು.

"ಅಗೋ, ಮೇಲ್ಗಡೆ. ಎರಡು ಬೀಡಿ ಕೆಂಡ ಇದ್ದಂಗೈತೆ."

ಚಾಮಯ್ಯನವರು ತಲೆಯೆತ್ತಿ ನೋಡಿದರು. ಎಲ್ಲಿ ತಪ್ಪಿಹೋಗುತ್ತದೋ ಎಂದು ಚೀಲದಿಂದ ಫ್ಲ್ಯಾಶ್ ತೆಗೆದರು. ಹೆಂಡತಿ ಕೈ ಹಿಡಿದರು.

"ಬ್ಯಾಡ ಕಣ್ರೀ. ಕಣ್ಣಿನ ಆಪರೇಸನ್ ಆದಾಗ ಬಲ್ಬ್ ಹಾಕಿದ್ರೆ ಎಂಗ್ ಕೂಗಾಡ್ತಿದ್ರಿ? ಅದರ ಕಣ್ಣು ನೋಡಿ ಎಷ್ಟು ದೊಡ್ಡವು!"

ಚಾಮಯ್ಯ ಫ್ಲ್ಯಾಶನ್ನು ಮತ್ತೆ ಚೀಲಕ್ಕೆ ಹಾಕಿದರು. ಟೈಮರ್ ಹಾಕಿ, ಬಟನ್ ಒತ್ತಿ, ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡರು. ಪ್ರಾಣಿ ಕೊಂಬೆ ಹಿಡಿದು ಅಲುಗದೆ ನೋಡುತ್ತಿತ್ತು. ನಾಲ್ಕನೆಯ ಸಲಕ್ಕೆ ಫೋಟೋ ಸ್ಪಷ್ಟವಾಗಿ ಬಂತು. ಅದನ್ನು ದೊಡ್ಡದು ಮಾಡಿ ನೋಡಿದರೆ ಹೊಟ್ಟೆಗೆ ಒಂದು ಮರಿ ಕಚ್ಚಿಕೊಂಡಿತ್ತು. ಇಬ್ಬರಿಗೂ ಅದು ಅಲ್ಲಿಯವರೆಗೆ ಕಂಡಿರಲಿಲ್ಲ. ಲಕ್ಷ್ಮಿದೇವಿ ಬಾಯಿಗೆ ಸೆರಗು ಹಿಡಿದು ನಕ್ಕರು.

ಬೆಳಿಗ್ಗೆ ಚಿಕ್ಕಸಿದ್ದಮ್ಮನ ಮನೆಯಿಂದಲೇ ಫೋಟೋ ವಾಟ್ಸಾಪ್ ಗುಂಪಿಗೆ ಹೋಯಿತು. ಆರು ವರ್ಷದಲ್ಲಿ ಮೊದಲ ಸಲ ನಲವತ್ತು ಜನ ಹೊಗಳಿದರು. ಪರಿಚಯವಿಲ್ಲದ ಒಬ್ಬ, ಮರದ ಲೊಕೇಶನ್ ಕಳಿಸಿ ಸಾರ್ ಎಂದು ಎರಡೆರಡು ಸಲ ಕೇಳಿದ. ಚಾಮಯ್ಯ ಹಿಗ್ಗಿನಲ್ಲಿ ಫೋನಿನಲ್ಲಿ ಊರಿನ ಹೆಸರು ಒತ್ತುತ್ತ ಅದನ್ನೇ ಗಟ್ಟಿಯಾಗಿ ಹೇಳಿದರು. ರೊಟ್ಟಿ ಬಡಿಸುತ್ತಿದ್ದ ಚಿಕ್ಕಸಿದ್ದಮ್ಮನ ಕೈ ನಿಂತಿತು.

"ಊರ ಹೆಸ್ರು ಹೇಳ್ಬ್ಯಾಡಿ. ಹಿಂದೆ ಒಂದ್ಸಲ ಮಾಟ ಮಾಡೋರು ಬಂದು ಇಂಥದ್ದೇ ಒಂದನ್ನ ಚೀಲಕ್ಕೆ ತುಂಬ್ಕೊಂಡೋದ್ರು. ನಾನು ಬಾಗ್ಲಲ್ಲೇ ನಿಂತಿದ್ದೆ. ಬಾಯಿ ಬರ್ಲಿಲ್ಲ."

ಚಾಮಯ್ಯ ಬರೆದದ್ದನ್ನು ಅಳಿಸಿದರು. ಮತ್ತೆ ಫೋಟೋ ನೋಡಿದರೆ ಮೂಲೆಯಲ್ಲಿ ಹೊಲದ ಪಂಪ್‌ಹೌಸ್ ಗೋಡೆ, ಅದರ ಮೇಲೆ ಬರೆದ ನಂಬರು. ಜಾಗ ಹುಡುಕುವವರಿಗೆ ಅಷ್ಟೇ ಸಾಕಿತ್ತು. ಫೋಟೋವನ್ನೇ ಗುಂಪಿನಿಂದ ತೆಗೆದುಹಾಕಿದರು. ಸಂಜೆಯೊಳಗೆ ಯಾರೋ, ಎಲ್ಲೋ ಕದ್ದ ಚಿತ್ರವಿರಬೇಕು, ಅದಕ್ಕೇ ತೆಗೆದಿದ್ದಾರೆ ಎಂದು ಬರೆದರು. ಚಾಮಯ್ಯ ಅದನ್ನು ಎರಡು ಸಲ ಓದಿ ಫೋನ್ ಮಗುಚಿಟ್ಟರು. 

ಮುಂದಿನ ವಾರ ಆ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಭೇರ್ಯಕ್ಕೆ ತೆಗೆದುಕೊಂಡು ಹೋದರು. ಚಿಕ್ಕಸಿದ್ದಮ್ಮ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಬಾಣಂತಿ ಕಣಮ್ಮ ಇದು," ಎಂದು ತಂಗಿಗೆ ಹೇಳಿದರು. ಆಮೇಲೆ ಹುಣಸೆ ಬಡಿಯಲು ಬಂದಿದ್ದ ಆಳುಗಳಿಗೆ ಅಂಗಳದಿಂದಲೇ ಕೂಗಿ, ಬೇಲಿ ಮರ ಈ ಸಲ ಮುಟ್ಟಬೇಡಿ, ಬೇರೆ ಮರಕ್ಕೆ ಹೋಗಿ ಎಂದರು.