ಬನ್ ಹಿಡಿದ ಕೈ

ಮಹಾಲಕ್ಷ್ಮಿ ಲೇಔಟಿನ ಆ ಮನೆಯಲ್ಲಿ ಬನ್ನಿಗೆ ಬರವಿರಲಿಲ್ಲ, ಬಿಸಿ ಬನ್ನಿಗೆ ಮಾತ್ರ ಬರ ಬಂದಿತ್ತು. ತನ್ಮಯಿ ಓವನ್ನಿನಿಂದ ಟ್ರೇ ಹೊರಗೆ ತೆಗೆದಳೆಂದರೆ ಮನೆಮಂದಿಯೆಲ್ಲ ಕೈಕಟ್ಟಿ ನಿಲ್ಲಬೇಕು. ಮೊದಲು ಕ್ಯಾಮೆರಾ ತಿನ್ನಬೇಕು, ಆಮೇಲೆ ಮನುಷ್ಯರು. ಕ್ಯಾಮೆರಾದ ಊಟ ಮುಗಿಯುವ ಹೊತ್ತಿಗೆ ಬನ್ನು ತಣ್ಣಗಾಗಿ, ಮೇಲಿನ ಹೊಳಪು ಇಳಿದು, ತಿನ್ನುವವರ ಆಸೆಯೂ ಆರಿರುತ್ತಿತ್ತು. ಅಂಥ ಬನ್ನುಗಳನ್ನು ಗಂಡ ಗೋಪೀನಾಥ ಡಬ್ಬಿಗೆ ತುಂಬಿಕೊಂಡು ಆಫೀಸಿಗೆ ಒಯ್ಯುತ್ತಿದ್ದ. ಈಚೆಗೆ ಅವನ ಡಬ್ಬಿ ಕಂಡರೆ ಜೊತೆಯವರು ಬೇರೆ ಮೇಜು ಹುಡುಕುತ್ತಿದ್ದರಂತೆ.

ತನ್ಮಯಿ ಕನ್ನಡದಲ್ಲಿ ಒಂದು ಅಡುಗೆ ಬ್ಲಾಗು ಬರೆಯುತ್ತಿದ್ದಳು. ಓವನ್ನಿನಲ್ಲಿ ಬೇಯಿಸುವ ತಿಂಡಿಗಳದ್ದೇ ಬ್ಲಾಗು. ಬರೆಯಲು ಕೂತರೆ ಅವಳನ್ನು ಹಿಡಿಯುವವರಿಲ್ಲ. ಹಿಟ್ಟು ಉಬ್ಬುವುದನ್ನು ಅವಳು ವರ್ಣಿಸಿದರೆ ಓದುವವರ ಬಾಯಲ್ಲಿ ನೀರೂರಬೇಕು. ಆದರೆ ಕೆಳಗಿನ ಫೋಟೋ ನೋಡಿದರೆ ಊರಿದ ನೀರು ಇಂಗಿಹೋಗುತ್ತಿತ್ತು. ಓದುಗರು ಒಳ್ಳೆಯವರು, ಬರಹವನ್ನು ಹೊಗಳಿ ಫೋಟೋದ ಸುದ್ದಿ ಎತ್ತುತ್ತಲೇ ಇರಲಿಲ್ಲ. ಆ ಸೌಜನ್ಯವೇ ಅವಳನ್ನು ಚುಚ್ಚುತ್ತಿತ್ತು.

ಅದರಲ್ಲೂ ಖಾರ ಬನ್ ಅವಳ ಪ್ರಾಣ ತಿಂದಿತ್ತು. ಕೇಕಿಗಾದರೆ ಕ್ರೀಮಿದೆ, ಚೆರ್ರಿಯಿದೆ. ಖಾರ ಬನ್ನಿಗೆ ಏನಿದೆ? ಸಬ್ಬಸಿಗೆ, ಈರುಳ್ಳಿ, ಹಸಿಮೆಣಸಿನಕಾಯಿ ಎಲ್ಲ ಒಳಗೆ ಅಡಗಿ ಕೂತಿರುತ್ತವೆ. ಹೊರಗಿನಿಂದ ಅದೊಂದು ಕಂದು ಗುಂಡುಕಲ್ಲು. ಮನೆಯಲ್ಲಿ ಒಳ್ಳೆಯ ಬೆಳಕು ಬೀಳುವ ಜಾಗವೂ ಒಂದೇ, ದೇವರ ಮನೆಯ ಎದುರಿನ ಕಿಟಕಿ. ಅದಕ್ಕೂ ಕಲ್ಲು ಬಿದ್ದಿತ್ತು. ಎದುರುಮನೆಯ ಪಟಾಲಮ್ಮ ಮೇಲೊಂದು ಮಹಡಿ ಎಬ್ಬಿಸುತ್ತಿದ್ದರು. ಸಾರುವೆಗೆ ಕಟ್ಟಿದ್ದ ನೀಲಿ ಟಾರ್ಪಾಲಿನ್ ಹಾದು ಬೆಳಕು ಬಂದರೆ ಬನ್ನು ಬೂಷ್ಟು ಹಿಡಿದಂತೆ ಕಾಣುತ್ತಿತ್ತು. ಟಾರ್ಪಾಲಿನ್ ಸರಿದಾಗ ಮೋಡ, ಮೋಡ ಸರಿದಾಗ ಸಿಮೆಂಟಿನ ಧೂಳು. ಇದ್ದ ಬೆಳಕಾದರೂ ಪ್ರತಿಫಲಿಸಲೆಂದು ತನ್ಮಯಿ ಥರ್ಮೋಕೋಲ್ ಹಾಳೆಯನ್ನು ಬನ್ನಿನ ಪಕ್ಕ ನಿಲ್ಲಿಸಿ, ಒರಗಿಸಿ, ಫ್ಯಾನಿನ ಗಾಳಿಗೆ ಅದು ಬಿದ್ದಾಗೆಲ್ಲ ಶಪಿಸುತ್ತಿದ್ದಳು.

ಇಷ್ಟೆಲ್ಲದರ ನಡುವೆ ಒಂದು ವಾರಪತ್ರಿಕೆಯಿಂದ ಶಿಲ್ಪಾ ಎಂಬ ಉಪಸಂಪಾದಕಿಯ ಫೋನು ಬಂತು. ದೀಪಾವಳಿ ವಿಶೇಷ ಸಂಚಿಕೆಗೆ ತನ್ಮಯಿಯ ಖಾರ ಬನ್ ಬೇಕಂತೆ, ಹೆಸರಿನ ಸಮೇತ ಒಂದು ಪೂರ್ತಿ ಪುಟ.

"ಬರಹ ಸೂಪರ್ ಮೇಡಂ. ಫೋಟೋ ಮಾತ್ರ ಸ್ವಲ್ಪ ಜೀವಂತವಾಗಿರ್ಲಿ. ಯಾರೋ ತಿಂತಾ ಇರೋ ಹಾಗೆ, ಒಂದು ಕಡೆ ಕಚ್ಚಿರೋ ಹಾಗೆ. ಶನಿವಾರದೊಳಗೆ ಕಳ್ಸಿ. ಆಗ್ಲಿಲ್ಲ ಅಂದ್ರೂ ಟೆನ್ಷನ್ ಬೇಡ, ನಮ್ಮ ಹತ್ರ ರೆಡಿ ಫೋಟೋಗಳಿರುತ್ತೆ. ಯಾವುದೋ ಒಂದು ಬನ್ ಹಾಕ್ಬಿಡ್ತೀವಿ."

ಯಾವುದೋ ಒಂದು ಬನ್! ಅವಳ ಹೆಸರು, ಅವಳ ಮಾತು, ಅದರ ಮೇಲೆ ಯಾರೋ ಮಾಡಿದ ಬನ್ನು. ಅಚ್ಚಿನಲ್ಲಿ ತನ್ನ ಹೆಸರು ನೋಡಬೇಕೆಂದು ಹುಡುಗಿಯಾಗಿದ್ದಾಗಿನಿಂದ ಆಸೆಪಟ್ಟವಳು ತನ್ಮಯಿ. ಆಸೆ ಕೈಗೆ ಬಂದದ್ದು ಹೀಗೆ ಬರಬೇಕೇ ಎಂದು ಅವಳಿಗೆ ಅಳುವೇ ಬಂತು.

ಮೊದಲು ಕಚ್ಚುವ ಪ್ರಯೋಗ ನಡೆಯಿತು. ಗೋಪೀನಾಥ ಬಾಯಿ ದೊಡ್ಡದು ಮಾಡಿ ಕಚ್ಚಿಕೊಟ್ಟ. ಫೋಟೋದಲ್ಲಿ ಇಲಿ ಕಡಿದ ಹಾಗಿತ್ತು. ಅದಕ್ಕಿಂತ ದೊಡ್ಡ ರಾದ್ಧಾಂತವೆಂದರೆ ಆ ಹೊತ್ತಿಗೆ ಸರಿಯಾಗಿ ಅತ್ತೆ ಅಲಮೇಲು ದೇವರ ಮನೆಯಿಂದ ಹೊರಗೆ ಬಂದರು.

"ಏನೇ ಇದು? ಎಂಜಲು ಮಾಡಿದ್ದನ್ನ ತಂದು ಪೆರುಮಾಳ ಎದುರಿಗೆ ಇಟ್ಟಿದೀಯಲ್ಲ!"

"ಬೆಳಕು ಇರೋದೇ ಇಲ್ಲಿ ಅಮ್ಮ."

"ಬೆಳಕಿದ್ರೆ? ಕೈಯಲ್ಲಿ ಮುರಿಯೋಕೆ ಏನಾಗಿದೆ ನಿಮಗೆ?"

ಅಲಮೇಲು ಜನ್ಮದಲ್ಲಿ ಯಾವ ತಿಂಡಿಯನ್ನೂ ಕಚ್ಚಿದವರಲ್ಲ. ಕಾಫಿಯನ್ನೂ ಲೋಟ ತುಟಿಗೆ ತಾಗದಂತೆ ಎತ್ತಿ ಕುಡಿಯುವವರು. ಬನ್ನಾದರೆ ಎರಡು ಹೆಬ್ಬೆರಳನ್ನು ನಡುವೆ ಊರಿ, ಮೆಲ್ಲಗೆ ಬಿಡಿಸಿ, ಎರಡು ಹೋಳು ಮಾಡುತ್ತಿದ್ದರು. ಮಾವ ಇದ್ದ ಕಾಲದಲ್ಲಿ ಸಂಜೆ ಬೇಕರಿಯಿಂದ ಒಂದೇ ಒಂದು ಖಾರ ಬನ್ ಬರುತ್ತಿತ್ತು. ಮುರಿಯುವುದು ಅತ್ತೆ, ಅರ್ಧ ಅವರಿಗೆ, ಅರ್ಧ ಮಾವನಿಗೆ. ಮಾವ ಹೋದ ಮೇಲೂ ಅತ್ತೆ ಬನ್ನನ್ನು ಹಾಗೆಯೇ ಎರಡು ಮಾಡುತ್ತಿದ್ದರು. ಒಂದರ್ಧವನ್ನು ತಟ್ಟೆಯ ಅಂಚಿಗೆ ಸರಿಸಿಟ್ಟು, ತಮ್ಮ ಪಾಲು ತಿಂದಾದ ಮೇಲೆ ಅದನ್ನೂ ತಾವೇ ತಿನ್ನುತ್ತಿದ್ದರು. ಅದು ಕಂಡಾಗೆಲ್ಲ ತನ್ಮಯಿ ಬೇರೆ ಕಡೆ ನೋಡುತ್ತಿದ್ದಳು.

ಕೈಯಲ್ಲಿ ಮುರಿಯುವುದು! ಅತ್ತೆ ಬೈಯುತ್ತಲೇ ದಾರಿ ತೋರಿಸಿದ್ದರು. ಮುರಿದ ಬನ್ನಿನಲ್ಲಿ ಒಳಗಿನ ಹಸಿರು ಕಾಣುತ್ತದೆ, ಹಬೆ ಏಳುತ್ತದೆ, ಮನುಷ್ಯರ ಕೈಯೂ ಇರುತ್ತದೆ. ಸರಿ, ಯಾರ ಕೈ?

ತನ್ನದೇ ಕೈ ಎಂದುಕೊಂಡು ಟೈಮರ್ ಹಾಕಿ ಓಡಿಬಂದು ಕೂತರೆ ಕೈಯೂ ಬನ್ನೂ ಎರಡೂ ಅಲುಗಾಡಿದವು. ಗೋಪೀನಾಥನ ಕೈ ಬನ್ನನ್ನು ಮುಚ್ಚಿಯೇಬಿಟ್ಟಿತು. ಕೊನೆಗೆ ಪಟಾಲಮ್ಮನನ್ನೇ ಕರೆತಂದಳು. ಬೆಳಕು ಕಿತ್ತುಕೊಂಡವರು ಕೈಯನ್ನಾದರೂ ಕೊಡಲಿ ಎಂಬ ಲೆಕ್ಕಾಚಾರ. ಪಟಾಲಮ್ಮ ಖುಷಿಯಿಂದ ಬಂದು, ಎರಡೂ ಕೈಯ ತುಂಬ ಇದ್ದ ಹಸಿರು ಗಾಜಿನ ಬಳೆಗಳನ್ನು ಹಿಂದಕ್ಕೆ ಸರಿಸಿ, ಬಟ್ಟೆ ಹಿಂಡುವ ಹಾಗೆ ಬನ್ನನ್ನು ತಿರುಚಿದರು. ಈರುಳ್ಳಿಯೆಲ್ಲ ನೆಲಕ್ಕೆ ಸುರಿಯಿತು.

"ನಂಗೆಲ್ಲಿ ಬರುತ್ತಮ್ಮ ಇವೆಲ್ಲ? ನಿಮ್ಮತ್ತೆ ಎಷ್ಟು ಚಂದ ಮುರೀತಾರೆ, ಅವರನ್ನ ಕೇಳು" ಎಂದು, ಕೈಯಲ್ಲಿ ಉಳಿದದ್ದನ್ನು ತಿನ್ನುತ್ತ ಪಟಾಲಮ್ಮ ಮನೆಗೆ ಹೋದರು.

ತನ್ಮಯಿ ಕೇಳಿದಳು. ಅಲಮೇಲು ಮೊದಲು ಬೆನ್ನು ನೋವೆಂದರು. ಆಮೇಲೆ ಹೂ ಕಟ್ಟುವುದಿದೆ ಎಂದರು. ಮತ್ತೆ ಕೇಳಿದ್ದಕ್ಕೆ "ನಾನು ಒಲ್ಲೆ ಕಣೇ, ಬಿಟ್ಬಿಡು" ಎಂದರು. ಎಂಜಲಿನ ಕೋಪ ಇನ್ನೂ ಇಳಿದಿಲ್ಲವೆಂದೇ ತನ್ಮಯಿ ತಿಳಿದಳು. ಹಟ ಬಿಡುವ ಜಾತಿಯವಳಲ್ಲ ಅವಳು. ಶುಕ್ರವಾರ ಬೆಳಿಗ್ಗೆ ಅಪರೂಪಕ್ಕೆ ಬಿಸಿಲು ಚೆನ್ನಾಗಿ ಬಿತ್ತು, ಟಾರ್ಪಾಲಿನ್ ಗಾಳಿಗೆ ಮಡಚಿಕೊಂಡಿತ್ತು. ಟ್ರೇ ಹೊರಗೆ ಬಂದದ್ದೇ ತಡ, ಅತ್ತೆಯನ್ನು ಅನಾಮತ್ತಾಗಿ ತೋಳು ಹಿಡಿದು ಕಿಟಕಿಯ ಬಳಿ ಕೂರಿಸಿದಳು. ಕ್ಯಾಮೆರಾದಲ್ಲಿ ನೋಡಿದಳು. ಎಲ್ಲ ಸರಿಯಿತ್ತು, ಏನೋ ಒಂದು ಕಡಿಮೆ ಎನಿಸಿತು. ಒಳಗೆ ಓಡಿ ಕನ್ನಡಿಯ ಹತ್ತಿರ ಬಿಚ್ಚಿಟ್ಟಿದ್ದ ತನ್ನ ಗಾಜಿನ ಬಳೆಗಳನ್ನು ತಂದಳು.

"ಅಮ್ಮ, ಇವನ್ನ ಹಾಕ್ಕೊಂಡ್ಬಿಡಿ. ಹಬ್ಬದ ಸಂಚಿಕೆ ಅಲ್ವಾ, ಕೈ ಖಾಲಿ ಖಾಲಿ ಕಾಣುತ್ತೆ."

ಹೇಳಿ ಮುಗಿಸುವ ಮೊದಲೇ ಅವಳಿಗೆ ತಾನು ಏನು ಹೇಳಿದೆನೆಂದು ಗೊತ್ತಾಯಿತು. ತಂದು ಹಿಡಿದಿದ್ದ ಬಳೆಗಳನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯಲಿಲ್ಲ. ಮಾವ ತೀರಿಕೊಂಡ ದಿನ ಬಳೆ ತೆಗೆದಿಟ್ಟ ಅತ್ತೆ ಮತ್ತೆ ಕೈಗೆ ಏನನ್ನೂ ಹಾಕಿದವರಲ್ಲ. ಚಿನ್ನದ್ದನ್ನಾದರೂ ಹಾಕಿಕೋ ಎಂದು ಗೋಪೀನಾಥ ಎಷ್ಟು ಗೋಗರೆದರೂ ಜಪ್ಪಯ್ಯ ಅಂದಿರಲಿಲ್ಲ.

ಅಲಮೇಲು ಸಿಟ್ಟಾಗಲಿಲ್ಲ. ಸೆರಗನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡರು.

"ಅದಕ್ಕೇ ಕಣೇ ಒಲ್ಲೆ ಅಂದಿದ್ದು. ಹಬ್ಬದ ಪುಸ್ತಕದಲ್ಲಿ ಈ ಬೋಳು ಕೈ ಯಾಕೆ? ನೋಡಿದವರು ಏನಂದ್ಕೋತಾರೆ?"

ಅವರು ಎದ್ದು ಒಳಗೆ ಹೋದರು. ತನ್ಮಯಿ ಹಿಂದೆಯೇ ಹೋಗಿ "ತಪ್ಪಾಯ್ತು ಅಮ್ಮ" ಎಂದಳು. "ಏನಾಗಿಲ್ಲ ಬಿಡು" ಎಂದು ಅಲಮೇಲು ಹೂವಿನ ಬುಟ್ಟಿ ಎಳೆದುಕೊಂಡರು. ಆ ದಿನದ ಬನ್ನುಗಳನ್ನು ಯಾರೂ ತಿನ್ನಲಿಲ್ಲ, ಗೋಪೀನಾಥನೂ.

ಶನಿವಾರ ಓವನ್ ತಣ್ಣಗಿತ್ತು. ತನ್ಮಯಿ ಥರ್ಮೋಕೋಲ್ ಹಾಳೆಯನ್ನು ಬೀರುವಿನ ಹಿಂದೆ ತುರುಕಿ, ಕ್ಯಾಮೆರಾವನ್ನು ಚೀಲಕ್ಕೆ ಹಾಕಿಟ್ಟಳು. ಅಲಮೇಲು ಅಡುಗೆಮನೆಗೆ ಬಂದು ಒಮ್ಮೆ ಮೂಗಿನಲ್ಲಿ ಗಾಳಿ ಎಳೆದು ನೋಡಿದರು.

"ಇವತ್ತು ಬನ್ ಇಲ್ವಾ?"

"ಇಲ್ಲ ಅಮ್ಮ. ಇವತ್ತೇ ಕೊನೆ ದಿನ. ಅವರ ಹತ್ರ ಇರೋ ಫೋಟೋನೇ ಹಾಕ್ಕೋತಾರೆ."

"ಅವರ ಹತ್ರ ನಿನ್ನ ಬನ್ನು ಎಲ್ಲಿಂದ ಬಂತು?"

"ನನ್ನ ಬನ್ನಲ್ಲ. ಯಾರದೋ."

"ಯಾರದೋ ಬನ್ನಿಗೆ ನಿನ್ನ ಹೆಸರಾ?" ಅಲಮೇಲು ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತರು. "ದಿನಾ ಬೆಳಗಾದ್ರೆ ಹಿಟ್ಟು ನಾದಿ ನಾದಿ ತೋಳು ನೋಯಿಸ್ಕೊಂಡಿದ್ದು ನೀನು. ತಣ್ಣಗಿನ ಬನ್ ತಿಂದು ತಿಂದು ನಾಲಿಗೆ ಜಡ್ಡು ಹಿಡಿಸ್ಕೊಂಡಿದ್ದು ನಾವು. ಈಗ ಯಾವಳೋ ಬಂದು ಕೂತ್ಕೋತಾಳಾ? ಏಳು, ಹಿಟ್ಟು ಕಲ್ಸು."

"ಅಮ್ಮ, ಕೈ..."

"ಮೊದ್ಲು ಹಿಟ್ಟು ಕಲ್ಸು ಅಂದ್ನಲ್ಲ."

ಹಿಟ್ಟು ಉಬ್ಬಿ, ಬನ್ನು ಬೆಂದು ಹೊರಬರುವಾಗ ಹೊತ್ತು ಮಧ್ಯಾಹ್ನಕ್ಕೆ ತಿರುಗಿತ್ತು. ಬಿಸಿಲಿರಲಿಲ್ಲ. ಮೋಡದ ಮಂಕು ಬೆಳಕು, ಅದರೊಳಗೆ ಚೂರು ಟಾರ್ಪಾಲಿನ್ನಿನ ನೀಲಿ. ಅಲಮೇಲು ತಾವೇ ಬಂದು ಕಿಟಕಿಯ ಬಳಿ ಕೂತರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡು ಕೈಯನ್ನೂ ಮುಂದೆ ಚಾಚಿದರು.

"ಬಳೆ ಬೇಡ. ನನ್ನ ಕೈ ಇರೋದೇ ಹೀಗೆ. ತೆಗೆಯೋದಾದ್ರೆ ತೆಗಿ. ಬಿಸಿ ಇದ್ದಾಗಲೇ ಮುರೀಬೇಕು, ಇಲ್ಲದಿದ್ರೆ ಪುಡಿ ಉದುರುತ್ತೆ."

ಹೆಬ್ಬೆರಳು ಊರಿದರು. ಮೇಲಿನ ಗರಿಗರಿ ಪದರ ಸಣ್ಣಗೆ ಬಿರುಕುಬಿಟ್ಟಿತು, ಹಬೆ ಎದ್ದಿತು, ಹಸಿರು ಸಬ್ಬಸಿಗೆ ಇಣುಕಿತು. ತನ್ಮಯಿ ಒತ್ತಿದಳು. ಇನ್ನೊಂದು ತೆಗೆಯೋಣವೆನ್ನುವಷ್ಟರಲ್ಲಿ ಅಲಮೇಲು ಒಂದು ಚೂರನ್ನು ಬಾಯಿಗೆ ಎತ್ತಿ ಹಾಕಿಕೊಂಡು ಕಣ್ಣು ಮುಚ್ಚಿದ್ದರು. ಬಿಸಿ ಬನ್ ತಿಂದು ಎಷ್ಟು ಕಾಲವಾಗಿತ್ತೋ ಪಾಪ. ಇನ್ನರ್ಧವನ್ನು ತಟ್ಟೆಯ ಅಂಚಿಗೆ ಸರಿಸಲು ಹೋಗಿ, ತಡೆದು, ಸೊಸೆಯ ಕಡೆ ಚಾಚಿದರು.

"ತಗೋ. ಆ ಡಬ್ಬ ಕೆಳಗಿಟ್ಟು ತಿನ್ನು."

ತನ್ಮಯಿ ಕ್ಯಾಮೆರಾ ಕೆಳಗಿಟ್ಟು ತಿಂದಳು. ನಾಲಿಗೆ ಸುಟ್ಟಿತು. ಇಷ್ಟು ದಿನ ತಾನು ಬರೆದದ್ದೆಲ್ಲ ನಿಜವೆಂದು ಅವಳಿಗೆ ಮೊದಲ ಸಲ ಖಾತ್ರಿಯಾಯಿತು. ಸಂಜೆ ಫೋಟೋ ತೆರೆದು ನೋಡಿದಳು. ಬೆಳಕು ಅಷ್ಟಕ್ಕಷ್ಟೇ, ಒಂದು ಮೂಲೆಯಲ್ಲಿ ನೀಲಿ ಛಾಯೆ. ಆದರೂ ನೋಡಿದವರಿಗೆ ಹಸಿವಾಗುವಂತಿತ್ತು. ಕೈಯ ನರ, ಸುಕ್ಕು, ಬನ್ನಿನ ಬಿಸಿಗೆ ಕೆಂಪಾದ ಹೆಬ್ಬೆರಳು, ಯಾವುದನ್ನೂ ಮುಟ್ಟದೆ ಹಾಗೆಯೇ ಕಳಿಸಿದಳು.

ಸೋಮವಾರ ಬೆಳಿಗ್ಗೆ ಶಿಲ್ಪಾ ಫೋನ್ ಮಾಡಿದಾಗ ತನ್ಮಯಿಯ ಎರಡೂ ಕೈ ಚಪಾತಿ ಹಿಟ್ಟಿನಲ್ಲಿದ್ದವು. ಮೊಣಕೈಯಿಂದಲೇ ಒತ್ತಿ ಸ್ಪೀಕರ್‌ಗೆ ಹಾಕಿದಳು. ಪಕ್ಕದಲ್ಲೇ ಅಲಮೇಲು ಹುರುಳಿಕಾಯಿ ಸೋಸುತ್ತಿದ್ದರು.

"ಮೇಡಂ, ಎಂಥ ಫೋಟೋ! ಎಲ್ಲರಿಗೂ ಇಷ್ಟ ಆಯ್ತು. ಒಂದೇ ಒಂದು ಸಣ್ಣ ವಿಷ್ಯ. ದೀಪಾವಳಿ ಅಲ್ವಾ, ಕೈ ಸ್ವಲ್ಪ ಬೋಳು ಅನ್ಸುತ್ತೆ. ನಮ್ಮ ಡಿಸೈನರ್ ಎಐನಲ್ಲಿ ಎರಡು ಡಜನ್ ಬಳೆ ಹಾಕ್ಬಿಡ್ತಾನೆ. ಗೊತ್ತೇ ಆಗಲ್ಲ."

ಹುರುಳಿಕಾಯಿ ಮುರಿಯುವ ಸದ್ದು ನಿಂತಿತು. ತನ್ಮಯಿಗೆ ಮೈ ಉರಿಯಿತು. ಶಿಲ್ಪಾಳ ಮೇಲೆ ಅಷ್ಟೇ ಅಲ್ಲ, ಶುಕ್ರವಾರ ಬಳೆ ಹಿಡಿದು ಓಡಿಬಂದಿದ್ದ ತನ್ನ ಮೇಲೂ.

"ಬೇಡ ಶಿಲ್ಪಾ. ಕೈ ಹೇಗಿದೆಯೋ ಹಾಗೇ ಹಾಕಿ."

"ಕಷ್ಟ ಮೇಡಂ, ಎಡಿಟರ್ ಒಪ್ಪಲ್ಲ. ಬೇಕಿದ್ರೆ ಕೈ ಕ್ರಾಪ್ ಮಾಡಿ..."

ಅಲಮೇಲು ಪಿಸುದನಿಯಲ್ಲಿ "ಹಾಕ್ಲಿ ಬಿಡೇ. ನಿನ್ನ ಹೆಸರು ಬರುತ್ತಲ್ಲ" ಎಂದರು.

ತನ್ಮಯಿ ಅತ್ತೆಯ ಕಡೆ ನೋಡಿದಳು. ಪೂರ್ತಿ ಪುಟ, ಅಚ್ಚಾದ ಹೆಸರು, ಅಪ್ಪನಿಗೆ ಕಳಿಸಬೇಕೆಂದುಕೊಂಡಿದ್ದ ಪ್ರತಿ, ಎಲ್ಲ ಕಣ್ಣೆದುರು ಬಂತು. ಆದರೂ ಮಾತು ಸ್ಪಷ್ಟವಾಗಿಯೇ ಬಂತು.

"ಹಾಗಾದ್ರೆ ಫೋಟೋನೂ ಬೇಡ, ರೆಸಿಪಿನೂ ಬೇಡ. ಇದು ನಮ್ಮ ಅತ್ತೆ ಕೈ. ಇದನ್ನ ತಿದ್ದಿ ಹಾಕೋ ಹಾಗಿದ್ರೆ ನನ್ನ ಹೆಸರು ಹಾಕ್ಬೇಡಿ."

ಫೋನಿಟ್ಟ ಮೇಲೆ ತನ್ಮಯಿ ಹಿಟ್ಟನ್ನು ಅಗತ್ಯಕ್ಕಿಂತ ಜೋರಾಗಿ ನಾದುತ್ತಿದ್ದಳು. ಅಲಮೇಲು ಮತ್ತೆ ಹುರುಳಿಕಾಯಿ ಮುರಿಯತೊಡಗಿದರು.

"ಅಮ್ಮ, ಬ್ಲಾಗಲ್ಲಿ ಹಾಕ್ಲಾ? ನೀವು ಬೇಡ ಅಂದ್ರೆ ಹಾಕಲ್ಲ."

ಅಲಮೇಲು ಒಂದು ನಾರು ಎಳೆದರು, ಇನ್ನೊಂದು ಎಳೆದರು.

"ಹಾಕು. ನನ್ನ ಹೆಸರೂ ಹಾಕು."

ಸಂಜೆ ಪಟಾಲಮ್ಮ ಕಾಫಿಗೆ ಬಂದವರು ಕೂರುವ ಮೊದಲೇ ಕೇಳಿದರು, "ಪುಸ್ತಕದಲ್ಲಿ ಯಾವತ್ತು ಬರುತ್ತಂತೆ ನಮ್ಮ ತನ್ಮಯಿ ಬನ್ನು?"

ಅಲಮೇಲು ತಾವೇ ಉತ್ತರ ಕೊಟ್ಟರು.

"ಬರಲ್ಲ. ನಾವೇ ಕೊಡಲ್ಲ ಅಂದ್ವಿ."

ಆಮೇಲೆ ಸೊಸೆಯ ಫೋನು ಕೇಳಿ ಪಡೆದು, ಕನ್ನಡಕ ಏರಿಸಿ, ಹಬೆಯಾಡುವ ಬನ್ನಿನ ಫೋಟೋವನ್ನು ಪಟಾಲಮ್ಮನ ಮುಂದೆ ಹಿಡಿದರು. ಹಿಡಿದ ಕೈಯ ಮಣಿಕಟ್ಟಿನ ಮೇಲೆ ಸೆರಗಿರಲಿಲ್ಲ.

"ನೋಡಿ ಪಟಾಲಮ್ಮ, ಈ ಕೈ ನಂದೇ."