ಕೊಂಬಿಗೆ ಬಳಿದು ಮಿಕ್ಕ ಬಣ್ಣ

ಜನ ನನ್ನನ್ನು ಡಾಕ್ಟ್ರೇ ಅನ್ನುತ್ತಾರೆ. ನಾನು ಡಾಕ್ಟರಲ್ಲ. ಬೆದೆಗೆ ಬಂದ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವನು. ಊರ ಬಾಯಲ್ಲಿ ಹೇಳುವುದಾದರೆ, ಸೂಜಿ ಹಾಕುವ ಲಿಂಗರಾಜು. ಅದಕ್ಕೆ ಮೂರು ತಿಂಗಳ ತರಬೇತಿ, ಒಂದು ಸರ್ಟಿಫಿಕೇಟು. ಆದರೂ ಯಾರಾದರೂ ಡಾಕ್ಟ್ರೇ ಅಂದಾಗ 'ನಾನು ಡಾಕ್ಟರಲ್ಲಪ್ಪ' ಎಂದು ತಿದ್ದಿದ್ದು ಈ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಇಲ್ಲ. ತಿದ್ದುವುದಕ್ಕೆ ನನಗೇನು ಹುಚ್ಚೇ?

ಮದ್ದೂರಿನ ಸುತ್ತ ಹದಿನಾಲ್ಕು ಹಳ್ಳಿ ನನ್ನವು. ಬೈಕಿನ ಹಿಂದೆ ಹೋರಿಯ ವೀರ್ಯ ಇಟ್ಟ ತಣ್ಣನೆಯ ಕ್ಯಾನು ಕಟ್ಟಿಕೊಂಡು ತಿರುಗುತ್ತೇನೆ. ಈ ಕೆಲಸದಲ್ಲಿ ಮುಖ್ಯವಾದದ್ದು ಹೊತ್ತು. ಬೆಳಿಗ್ಗೆ ಬೆದೆಗೆ ಬಂದ ಹಸುವಿಗೆ ಸಂಜೆ ಸೂಜಿ, ಸಂಜೆ ಬಂದದ್ದಕ್ಕೆ ಮಾರನೆಯ ಬೆಳಿಗ್ಗೆ. ಹೊತ್ತು ಮೀರಿತೋ, ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಮತ್ತೆ ಇಪ್ಪತ್ತೊಂದು ದಿನ ಕಾಯಬೇಕು. ಹಾಗಾಗಿ ನನ್ನ ಅರ್ಧ ವಿದ್ಯೆ ಕೈಯಲ್ಲಿದ್ದರೆ ಇನ್ನರ್ಧ ಬೈಕಿನಲ್ಲಿದೆ.

ಆ ಬೈಕಿಗೆ ಈ ವರ್ಷ ಸಂಕ್ರಾಂತಿಯಲ್ಲಿ ನಾನೇ ಕೈಯಾರೆ ಶನಿ ಹಿಡಿಸಿದೆ. ಮನೆಯ ಹಸುಗಳ ಕೊಂಬಿಗೆ ಬಳಿದು ಅರ್ಧ ಡಬ್ಬಿ ನೀಲಿ ಬಣ್ಣ ಮಿಕ್ಕಿತ್ತು. ಬಿಸಾಡಲು ಮನಸ್ಸು ಬರಲಿಲ್ಲ. ಬೈಕಿನ ಚಾಸಿ ಅಲ್ಲಲ್ಲಿ ತುಕ್ಕು ತಿಂದಿತ್ತು, ಅದಕ್ಕೆ ಬಳಿಯೋಣ ಅಂದುಕೊಂಡೆ. "ಯಾರ್ನಾರ ಒಂದ್ ಮಾತ್ ಕೇಳ್ಕಂಡ್ ಬಳೀರಿ," ಅಂದಳು ನನ್ನ ಹೆಂಡತಿ ಭಾಗ್ಯಲಕ್ಷ್ಮಿ. ಬಣ್ಣ ಬಳಿಯೋದಕ್ಕೂ ಪಂಚಾಯ್ತಿ ಸೇರಿಸಬೇಕೇನೇ ಎಂದು ಗದರಿದೆ. ಸೀಟು ತೆಗೆದು, ಕಣ್ಣಿಗೆ ಬಿದ್ದ ಬೋಲ್ಟನ್ನೆಲ್ಲ ಬಿಚ್ಚಿ, ಅವುಗಳ ಅಡಿಗೂ ತಲುಪುವ ಹಾಗೆ ಎರಡು ಕೋಟು ಹೊಡೆದು, ಒಣಗಿದ ಮೇಲೆ ಮತ್ತೆ ಬಿಗಿದೆ. ಸಂಜೆ ಕಿಚ್ಚು ಹಾಯಿಸುವ ಹೊತ್ತಿಗೆ ನಮ್ಮನೆಯ ಕೊಂಬುಗಳೂ ನನ್ನ ಬೈಕೂ ಒಂದೇ ಬಣ್ಣದಲ್ಲಿದ್ದವು. ಕೆಲಸ ಅಂದರೆ ಹೀಗಿರಬೇಕು ಎಂದು ಹೆಂಡತಿಗೆ ಎರಡು ಸಲ ಹೇಳಿದೆ.

ಹದಿನೈದು ದಿನಕ್ಕೆ ಶುರುವಾಯಿತು. ಸೆಲ್ಫ್ ಒತ್ತಿದರೆ ಕಟಕಟ ಅನ್ನುವುದು, ಅಷ್ಟೇ. ಕಿಕ್ ಹೊಡೆದರೆ ನನ್ನ ಮೊಣಕಾಲು ಲಟಕ್ಕನ್ನುವುದು, ಗಾಡಿ ಜಗ್ಗದು. ಇನ್ನೊಂದು ದಿನ ಮುಟ್ಟಿದರೆ ಸಾಕು, ಏನೂ ಆಗಿಲ್ಲವೆಂಬಂತೆ ಹೊರಡುವುದು. ಮದ್ದೂರಿನ ಮೆಕ್ಯಾನಿಕ್ ಹತ್ತಿರ ಹೋಗಿ ಪ್ಲಗ್ ಹೋಗಿದೆ, ಬದಲಾಯಿಸು ಅಂದೆ. ಬದಲಾಯಿಸಿದ. ಮಂಡ್ಯದವನಿಗೆ ಕಾರ್ಬೊರೇಟರ್ ಕ್ಲೀನ್ ಮಾಡು ಅಂದೆ. ಮಾಡಿದ. ಮಳವಳ್ಳಿಯಲ್ಲಿ ಹೊಸ ಬ್ಯಾಟರಿ ಹಾಕಿಸಿದೆ. ಅಲ್ಲಿಯವನು ಪಾಪ, "ವೈರಿಂಗ್ ಒಂದ್ಸಲ ಬಿಚ್ಚಿ ನೋಡನಾ ಸಾರ್?" ಎಂದು ಕೇಳಿದ. "ಏಳಿದ್ ಕೆಲ್ಸ ಮಾಡು, ವೈರು ಗೀರು ಮುಟ್ಬೇಡ," ಅಂದೆ. ನನ್ನ ರೋಗಿಗಳು ಬಾಯಿ ಬಿಟ್ಟು ಮಾತಾಡುವವರಲ್ಲ. ಅವರ ಪರವಾಗಿ ನಾನೇ ಹೇಳಿ ಹೇಳಿ, ಕಂಡದ್ದಕ್ಕೆಲ್ಲ ರೋಗದ ಹೆಸರಿಡುವ ಚಾಳಿ ಅಂಟಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ನಾನು ಮೂರು ಊರಿನಲ್ಲಿ ಮೂರು ಎಮ್ಮೆಗೆ ಬರೆ ಎಳೆಸಿ ಬಂದೆ.

ಈ ನಡುವೆ ವೈದ್ಯನಾಥಪುರದ ಚಿಕ್ಕನಂಜಮ್ಮನ ಹಸು. ಗಂಡ ಸತ್ತ ಮೇಲೆ ಆಕೆ ಒಬ್ಬಳೇ ನೋಡಿಕೊಂಡು ಬಂದ ಹಸು ಅದು. ಎರಡನೆಯ ಕರುವಿನ ಹಾಲು ಬತ್ತುತ್ತಾ ಬಂದಿತ್ತು, ಈ ವರ್ಷ ಗಬ್ಬ ನಿಲ್ಲಲೇಬೇಕಿತ್ತು. ಫೆಬ್ರವರಿಯಲ್ಲಿ ಒಂದು ಸಲ, ಮಾರ್ಚಿನಲ್ಲಿ ಎರಡು ಸಲ ಬೆದೆಗೆ ಬಂತು. ಮೂರು ಸಲವೂ ಸೂಜಿ ಹಾಕಿದೆ. ಮೊದಲ ಎರಡು ನಿಲ್ಲಲಿಲ್ಲ. ಮೂರನೆಯದು ಹಾಕಿ ಕೈ ತೊಳೆದುಕೊಳ್ಳುತ್ತಾ, "ಇದೂ ನಿಲ್ಲಾಕಿಲ್ಲ ಬುಡಮ್ಮ. ಗೊಡ್ಡಾಗ್ಬುಟ್ಟದೆ. ಯಾರ್ಗಾರ ಒಡ್ಕಂಡೋಗಾಕೆ ಏಳ್ಬುಡು," ಅಂದೆ. ಡಾಕ್ಟರ ಗತ್ತಿನಲ್ಲೇ ಅಂದೆ. ಆಕೆ ಹಸುವಿನ ಬೆನ್ನು ಸವರಿದಳು.

ಏಪ್ರಿಲ್ ಹತ್ತೊಂಬತ್ತರ ಬೆಳಿಗ್ಗೆ ಫೋನು ಬಂತು. "ಡಾಕ್ಟ್ರಪ್ಪ, ಅಸ ಇವತ್ತ್ ಬೆಳಿಗ್ಗೆ ತಿರ್ಗಾ ಬೆದೆಗ್ ಬಂದದೆ. ಸಂಜಿಕ್ ಮಳವಳ್ಳಿ ಪುಟ್ಟರಾಜು ಬಂದು ಒಡ್ಕಂಡೋಯ್ತೀನಿ ಅಂದವ್ನೆ. ಕೊನೇದಾಗ್ ಒಂದ್ಸಲ ಬಂದು ನೋಡ್ಬುಡು. ಏನಾರ ಆಸೆ ಇದ್ರೆ ಇಟ್ಕತೀನಿ, ಇಲ್ದಿದ್ರೆ ಅಗ್ಗ ಅವ್ನ ಕೈಗ್ ಕೊಟ್ಬುಡ್ತೀನಿ."

ನಾಲ್ಕು ಗಂಟೆಗೆ ಬರುತ್ತೇನೆ ಅಂದೆ. ಮೂರೂವರೆಗೆ ಹೊರಟೆ. ಶಿಂಷಾ ಸೇತುವೆ ದಾಟಿ, ಒಬ್ಬ ಪರಿಚಯದವನ ಜೊತೆ ಮಾತಾಡಲು ಗಾಡಿ ನಿಲ್ಲಿಸಿದ್ದೇ ತಪ್ಪಾಯಿತು. ಮತ್ತೆ ಒತ್ತಿದರೆ ಕಟಕಟ. ಹೊಸ ಬ್ಯಾಟರಿ, ಹೊಸ ಪ್ಲಗ್ಗು, ತೊಳೆದ ಕಾರ್ಬೊರೇಟರು, ಎಲ್ಲಾ ಸೇರಿ ಕಟಕಟ. ಟ್ಯಾಂಕಿಗೆ ಒಂದು ಗುದ್ದಿದೆ, ನನ್ನ ಕೈ ಊದಿತು. ಆ ಬಿಸಿಲಿನಲ್ಲಿ ಕ್ಯಾನಿನ ಸಮೇತ ಒಂದೂವರೆ ಕಿಲೋಮೀಟರ್ ತಳ್ಳಿಕೊಂಡು ಚಿಕ್ಕನಂಜಮ್ಮನ ಅಂಗಳ ಮುಟ್ಟಿದಾಗ ನಾಲ್ಕೂ ಮುಕ್ಕಾಲು.

ಅಂಗಳದಲ್ಲಿ ಆಕೆಯ ಸೊಸೆ ನಯನ ಕೈಕಾಲು ತೊಳೆಯುತ್ತಿದ್ದಳು. ಸೋಮನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಗಾಡಿಗಳ ವೈರು ಜೋಡಿಸುವ ಕೆಲಸ ಆಕೆಗೆ. ನಾನು ಜಗುಲಿಯಲ್ಲಿ ಕೂತು ನೀರು ಕುಡಿಯುತ್ತಾ ಬೈಕಿನ ವಂಶವನ್ನೆಲ್ಲ ಬಯ್ಯತೊಡಗಿದೆ. ಆಕೆ ಕೇಳಿಸಿಕೊಂಡು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು.

"ಅಣ್ಣ, ಲೈಟ್ ಆಕ್ಬುಟ್ಟು ಸೆಲ್ಫ್ ಒತ್ತು."

"ನಿಂಗ್ಯಾಕಮ್ಮ ಅದೆಲ್ಲ?"

"ಒತ್ತಣ್ಣ."

ಲೈಟು ಹಾಕಿದೆ. ಚೆನ್ನಾಗಿ ಉರಿಯಿತು. ಸೆಲ್ಫ್ ಒತ್ತಿದೆ. ಕಟಕಟ ಅಂದಿತು, ಲೈಟು ಸಪ್ಪಗಾಗಿ ಆರಿಯೇಹೋಯಿತು. ಬಟನ್ ಬಿಟ್ಟೆ, ಮತ್ತೆ ಉರಿಯಿತು.

"ಬ್ಯಾಟ್ರಿ ಒಸದು," ಅಂದೆ, ಆಕೆ ಏನೋ ಆರೋಪ ಮಾಡಿದಳೆಂಬಂತೆ.

"ಒಸ ಬ್ಯಾಟ್ರೀಲಿ ಕರೆಂಟು ಇರ್ತದೆ. ಅದು ಮುಟ್ಟೋ ಜಾಗ ಮುಟ್ತಾ ಇಲ್ಲ. ಎಲ್ಲೋ ಕನೆಕ್ಷನ್ ಸರಿಯಾಗ್ ಕೂತಿಲ್ಲ." ಆಕೆ ಸೀಟು ಎತ್ತಿಸಿದಳು. ಬ್ಯಾಟರಿಯ ಎರಡು ತಿರುಪೂ ಅಲ್ಲಾಡಿಸಿ ನೋಡಿದಳು, ಬಿಗಿಯಾಗಿದ್ದವು. ಒಳಗೆ ಹೋಗಿ ಪಂಪ್‌ಸೆಟ್ಟಿನ ಒಂದು ದಪ್ಪ ವೈರಿನ ತುಂಡು ತಂದಳು. ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಇಂಜಿನ್ನಿನ ಬರಿ ಕಬ್ಬಿಣಕ್ಕೆ ಒತ್ತಿ ಹಿಡಿದು, "ಈಗ್ ಒತ್ತು," ಅಂದಳು.

ಒತ್ತಿದೆ. ಒಂದೇ ಏಟಿಗೆ ಸ್ಟಾರ್ಟಾಯಿತು.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಹೊಟ್ಟೆ ಉರಿಯಿತು. ನಯನ ಗಾಡಿ ಆರಿಸಿ, ಮೈನಸ್ ವೈರನ್ನು ಬೆರಳಲ್ಲೇ ಹಿಂಬಾಲಿಸಿ, ಅದು ಚಾಸಿಗೆ ಸೇರುವ ಬೋಲ್ಟನ್ನು ಬಿಚ್ಚಿದಳು. ಅದರ ಅಡಿಯಲ್ಲಿ ನೀಲಿ ಬಣ್ಣ, ನುಣ್ಣಗೆ, ಎರಡು ಕೋಟು.

"ಯಾರೋ ಪೈಂಟ್ ಮ್ಯಾಲೆ ಅರ್ತ್ ವೈರ್ ಕೂರ್ಸವ್ರೆ. ಪೈಂಟ್ ದಾಟಿ ಕರೆಂಟು ಓಗಕಿಲ್ಲ. ಬೋಲ್ಟಿನ ತಿರುಪು ಅಲ್ಲೋ ಇಲ್ಲೋ ತಗುಲ್ದಾಗ ಸ್ಟಾರ್ಟ್ ಆಯ್ತದೆ, ತಗುಲ್ದಿದ್ರೆ ಇಲ್ಲ," ಅಂದಳು. ಚಾಕುವಿನಿಂದ ಕೆರೆದು, ಉಪ್ಪುಕಾಗದದಿಂದ ತಿಕ್ಕಿ, ಕಬ್ಬಿಣ ಹೊಳೆಯುವ ಹಾಗೆ ಮಾಡಿ ಬೋಲ್ಟು ಬಿಗಿದಳು. ಒಟ್ಟು ಹತ್ತು ನಿಮಿಷ ಹಿಡಿಯಿತು. "ಯಾವಾಗ್ ಬಳ್ಸಿದ್ದಣ್ಣ ಇದ್ನ?"

"ಸಂಕ್ರಾಂತೀಲಿ."

"ಅವತ್ನಿಂದ್ಲೂ ಇಂಗೇನಾ?"

"ಇಲ್ಲ ಕಣಮ್ಮ, ಮೊನ್ನೆಯಿಂದ," ಎಂದು ಸುಳ್ಳು ಹೇಳಿದೆ. ಯಾಕೆ ಹೇಳಿದೆನೋ ನನಗೆ ಆ ಕ್ಷಣ ತಿಳಿಯಲಿಲ್ಲ. ಬಾಯಿ ಮೊದಲು ಹೊರಟಿತು, ತಲೆ ಆಮೇಲೆ ಬಂತು. ಫೆಬ್ರವರಿಯಲ್ಲಿ ಈ ಮನೆಗೆ ನಾನು ಬಂದದ್ದು ಸಂಜೆಗಲ್ಲ, ಮಾರನೆಯ ಮಧ್ಯಾಹ್ನ. ಗಾಡಿ ಕೈ ಕೊಟ್ಟಿತ್ತು. ಮಾರ್ಚಿನ ಮೊದಲ ಸಲವೂ ಹಾಗೇ. ಎರಡನೆಯ ಸಲ ಮದ್ದೂರಿನಲ್ಲಿ ಪ್ಲಗ್ ಹಾಕಿಸುತ್ತಾ ಕೂತಿದ್ದೆ. ಮೂರು ಸಲವೂ ಬೆದೆ ಇಳಿದುಹೋಗಿತ್ತು, ಅದು ನನಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಹೊತ್ತು ಮೀರಿದೆ ಅಂದರೆ ಡಾಕ್ಟರ ಮರ್ಯಾದೆ ಏನಾಗಬೇಕು ಎಂದು ಸುಮ್ಮನೆ ಸೂಜಿ ಹಾಕಿ ಹೋಗಿದ್ದೆ.

ಅಷ್ಟರಲ್ಲಿ ಪುಟ್ಟರಾಜು ಗೂಡ್ಸ್ ಆಟೋ ತಂದು ಅಂಗಳದ ಮುಂದೆ ನಿಲ್ಲಿಸಿದ. ದನದ ವ್ಯಾಪಾರದವನು, ಮಾತು ಕಮ್ಮಿ. ಚಿಕ್ಕನಂಜಮ್ಮ ಕೊಟ್ಟಿಗೆಯಿಂದ ಹಸುವನ್ನು ಹಿಡಿದುಕೊಂಡು ಬಂದಳು. ಅವನು ಹಸುವಿನ ಸುತ್ತ ಒಂದು ಸುತ್ತು ಬಂದು ನನ್ನ ಕಡೆ ತಿರುಗಿದ.

"ಡಾಕ್ಟ್ರೇ, ಗೊಡ್ಡು ಅಂತ ನೀವೇ ಏಳುದ್ರಂತೆ. ನಿಜಾನಾ?"

ಚಿಕ್ಕನಂಜಮ್ಮನೂ ನನ್ನನ್ನೇ ನೋಡಿದಳು. ಹೌದು ಅಂದರೆ ಮುಗಿಯಿತು. ಹಸು ಆಟೋ ಹತ್ತುತ್ತದೆ, ನಾನು ಬೈಕು ಹತ್ತುತ್ತೇನೆ, ಅದೂ ಒಂದೇ ಏಟಿಗೆ ಸ್ಟಾರ್ಟಾಗುವ ಬೈಕು. ಅಲ್ಲ ಅಂದರೆ ನಾಳೆ ಹದಿನಾಲ್ಕು ಹಳ್ಳಿಯವರೂ ಸಂಕ್ರಾಂತಿಯಿಂದೀಚೆಗೆ ತಮ್ಮ ಯಾವ ಹಸು ನಿಲ್ಲಲಿಲ್ಲ ಎಂದು ಬೆರಳು ಮಡಿಸುತ್ತಾರೆ. ನಿಜ ಹೇಳುತ್ತೇನೆ, ನಾನು ಹೌದು ಅನ್ನುವುದಕ್ಕೇ ಬಾಯಿ ತೆರೆದೆ. ನಯನ ಉಪ್ಪುಕಾಗದ ಹಿಡಿದುಕೊಂಡು ಅಲ್ಲೇ ನಿಂತಿದ್ದಳು, ಕೈಯೆಲ್ಲ ನೀಲಿ ಪುಡಿ. ಆಕೆಯ ಮುಂದೆ ಇನ್ನೊಂದು ಸುಳ್ಳು ಹೇಳುವುದಕ್ಕೆ ನಾಚಿಕೆಯಾಯಿತು.

"ಗೊಡ್ಡಲ್ಲ," ಅಂದೆ.

"ಮತ್ತೆ ಮೂರ್ ಸಲ ಯಾಕ್ ನಿಲ್ನಿಲ್ಲ?"

"ಮೂರ್ ಸಲಾನೂ ನಾನು ಒತ್ತು ಮೀರುಸ್ಕಂಡ್ ಬಂದೆ. ಸಂಕ್ರಾಂತಿಯಿಂದ್ಲೂ ಗಾಡಿ ಸ್ಟಾರ್ಟ್ ಆಯ್ತಿರ್ನಿಲ್ಲ. ಮೀರ್ಬುಟ್ಟದೆ ಅಂತ ಗೊತ್ತಿದ್ದೂ ಸೂಜಿ ಆಕ್ದೆ. ಆಮೇಲೆ ತಪ್ನ ಅಸೀನ ಮ್ಯಾಲೆ ಒರ್ಸ್ದೆ."

ಪುಟ್ಟರಾಜು ಒಂದು ಸಲ ನನ್ನನ್ನು, ಒಂದು ಸಲ ನೀಲಿ ಬೈಕನ್ನು ನೋಡಿದ. "ಅಂಗಾದ್ರೆ ನಂಗೇನ್ ಕೆಲ್ಸ ಇಲ್ಲಿ," ಎಂದು ಆಟೋ ತಿರುಗಿಸಿಕೊಂಡು ಹೋದ.

ಚಿಕ್ಕನಂಜಮ್ಮ ಬಯ್ಯುತ್ತಾಳೆ ಎಂದು ಕಾದೆ. ಬಯ್ದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಆಕೆ ಬಯ್ಯಲಿಲ್ಲ. ಹಸುವನ್ನು ಕಂಬಕ್ಕೆ ಕಟ್ಟಿ, ಒಳಗೆ ಹೋಗಿ, ಬಕೀಟಿನ ತುಂಬ ಹಿಂಡಿ ಕಲಸಿ ತಂದು ಅದರ ಮುಂದೆ ಇಟ್ಟಳು. ಹಸು ಕಣ್ಣಿನವರೆಗೂ ಮೂತಿ ಮುಳುಗಿಸಿ, ಉಸಿರು ಕೂಡ ಬಿಡದೆ ತಿನ್ನತೊಡಗಿತು.

"ನೀನು ಗೊಡ್ಡು ಅಂದ್ ದಿನ್ದಿಂದ ಇದ್ಕೆ ಇಂಡಿ ನಿಲ್ಸ್ಬುಟ್ಟಿದ್ದೆ ಕಣ್ಲಾ," ಅಂದಳು, ಹಸುವಿನ ಕತ್ತು ಸವರುತ್ತಾ. "ಓಗೋ ದನಕ್ಕ್ಯಾಕೆ ಅಂತ. ಇಪ್ಪತ್ತ್ ದಿನ ಬರೀ ಉಲ್ಲು. ಆಲ್ ಕರ್ಯಾಕ್ ಓದಾಗೆಲ್ಲ ಬಕೀಟ್ ನೋಡದು, ಆಮೇಲೆ ನನ್ ಮಕ ನೋಡದು. ಏನಂತ ಏಳ್ಲಿ ಅದ್ಕೆ?"

ಆಕೆ ಬಿಸಿಲಿನ ಕಡೆ ನೋಡಿ ನನ್ನತ್ತ ತಿರುಗಿದಳು.

"ಸೂಜಿಗ್ ಇನ್ನೂ ಒತ್ತು ಅದೇನ್ಲಾ?"

"ಅದೆ."

"ಆಕು ಮತ್ತೆ."

ಕೈಗೆ ಗ್ಲೌಸು ಏರಿಸಿಕೊಂಡು ಹಸುವಿನ ಹಿಂದೆ ಹೋಗಿ ನಿಂತೆ. ನನ್ನ ಕೆಲಸದಲ್ಲಿ ಹಸುವಿನ ಮುಖ ನೋಡುವ ಅಗತ್ಯ ಬೀಳುವುದಿಲ್ಲ. ಹನ್ನೊಂದು ವರ್ಷದಲ್ಲಿ ಅದು ಒಂದು ಅನುಕೂಲ ಎಂದು ನನಗೆ ಅನ್ನಿಸಿದ್ದು ಅವತ್ತೇ.