ಕಾದು ಅಂದ್ರು

ಶೈಲಜಾಳನ್ನು ನೋಡಲು ಮೊಳಕಾಲ್ಮೂರಿನಿಂದ ಗಂಡಿನ ಕಡೆಯವರು ಬಂದುಹೋಗಿದ್ದು ತೊಂಬತ್ತೊಂಬತ್ತರ ಮಾರ್ಚ್ ತಿಂಗಳ ಒಂದು ಭಾನುವಾರ. ಬಂದವರು ಸಜ್ಜಿಗೆ ತಿಂದರು, ಕಾಫಿ ಕುಡಿದರು, ಹುಡುಗಿ ಏನು ಓದಿದ್ದಾಳೆಂದು ಎದುರಿಗೇ ಕೂತಿದ್ದ ಅವಳನ್ನು ಬಿಟ್ಟು ಅವಳಪ್ಪನನ್ನು ಕೇಳಿದರು. ಹುಡುಗ ಓಂಕಾರಮೂರ್ತಿ, ರೇಷ್ಮೆ ಸೀರೆ ಅಂಗಡಿಯ ಮನೆಯವನು. ಬಂದಾಗಿನಿಂದ ಹೋಗುವವರೆಗೆ ಗೋಡೆಯ ಕ್ಯಾಲೆಂಡರನ್ನೇ ಓದುತ್ತಿದ್ದ. ಮಧ್ಯಸ್ಥಿಕೆ ವಹಿಸಿದ್ದ ಮುರುಗೇಂದ್ರಪ್ಪ ಆಟೋ ಹತ್ತುವಾಗ, “ಎಂಟು ದಿನದಾಗೆ ಹೇಳ್ತಾರೆ” ಎಂದು ಹೋದರು.

ಎಂಟು ಹೋಗಿ ಹತ್ತು ದಿನವಾದಾಗ ಅಪ್ಪ ಜಂಬುಲಿಂಗಪ್ಪನವರೇ ಮೊಳಕಾಲ್ಮೂರಿಗೆ ಫೋನು ಮಾಡಿದರು. ಮುರುಗೇಂದ್ರಪ್ಪ ಮನೆಯಲ್ಲಿರಲಿಲ್ಲ. ಅವರ ಹೆಂಡತಿ ಕಮಲಾಕ್ಷಮ್ಮ ಎತ್ತಿಕೊಂಡರು. ಲೈನು ಗೊರಗೊರ ಅನ್ನುತ್ತಿತ್ತು. ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದ ಶೈಲಜಾಳಿಗೆ ಈ ಕಡೆಯ ಮಾತಷ್ಟೇ ಕೇಳಿಸಿತು.

“ಹಾಂ? ಏನಂದ್ರು?... ಕಾದು?... ಕಾದು ಅಂದ್ರಾ? ಸರಿ, ಸರಿ, ಆಗ್ಲಿ.”

ಫೋನಿಟ್ಟು ಅಪ್ಪ ಅವ್ವನ ಕಡೆ ತಿರುಗಿದರು. “ಕಾದು ನೋಡಿ ಅಂದವ್ರಂತೆ. ಯೋಚನೆ ಮಾಡ್ತಾವ್ರೆ ಅಂತ ಕಾಣ್ತೈತೆ. ನಾವು ಮೇಲೆ ಬಿದ್ದು ಕೇಳಬಾರ್ದು. ಹೆಣ್ಣಿನ ಕಡೆಯವ್ರು ಅಗ್ಗ ಆಗ್ತೀವಿ.”

ಅಂದಿನಿಂದ ಆ ಮನೆಯಲ್ಲಿ ಕಾಯುವುದು ಶುರುವಾಯಿತು. ಕಾಯುವ ಹುಡುಗಿ ಹೇಗಿರಬೇಕೋ ಹಾಗಿರಬೇಕೆಂದು ಅವ್ವ ಒಂದೊಂದೇ ಕಟ್ಟಳೆ ಮಾಡಿದಳು. ಬಿಸಿಲಿಗೆ ಹೋಗಬಾರದು, ಮೈಬಣ್ಣ ಇಳಿಯುತ್ತದೆ. ಲೈಬ್ರರಿಗೆ ಹೋಗಬಾರದು, ಬಸ್‌ಸ್ಟ್ಯಾಂಡ್ ದಾಟಬೇಕು, ಮೊಳಕಾಲ್ಮೂರಿನವರು ಯಾರಾದರೂ ಕಂಡು ಏನಾದರೂ ಅಂದುಕೊಂಡಾರು. ಮೊದಲು ಯುಗಾದಿ ಕಳೆಯಲಿ ಎಂದರು. ಆಮೇಲೆ ಅಧಿಕ ಮಾಸ ಬಂತು, ಅಧಿಕ ಮಾಸದಲ್ಲಿ ಯಾರು ಬಾಯಿಬಿಡುತ್ತಾರೆ? ಅದು ಮುಗಿದು ಸ್ವಲ್ಪ ದಿನಕ್ಕೆ ಆಷಾಢ ಹಿಡಿಯಿತು.

ಈ ನಡುವೆ ಶೈಲಜಾ ತನ್ನ ಟ್ರಂಕಿನ ತಳದಲ್ಲಿ ಒಂದು ಅರ್ಜಿ ಇಟ್ಟುಕೊಂಡಿದ್ದಳು. ಚಿತ್ರದುರ್ಗದ ಕಾಲೇಜೊಂದರ ಬಿ.ಎಡ್. ಅರ್ಜಿ. ಬಿ.ಎ.ಯಲ್ಲಿ ಫಸ್ಟ್ ಕ್ಲಾಸ್ ಬಂದವಳು, ಮೇಷ್ಟ್ರಾಗಬೇಕೆಂದು ಹೈಸ್ಕೂಲಿನಿಂದ ಅಂದುಕೊಂಡವಳು. ಅರ್ಜಿಗೆ ತಂದೆಯ ಸಹಿ ಬೇಕು. ಜುಲೈ ಮೂವತ್ತೊಂದು, ಶನಿವಾರ, ಮಧ್ಯಾಹ್ನ ಒಂದು ಗಂಟೆಯೊಳಗೆ ಕಾಲೇಜಿನ ಕಿಟಕಿಯಲ್ಲಿ ಕೊಡಬೇಕು. ಒಮ್ಮೆ ಧೈರ್ಯ ಮಾಡಿ ಊಟ ಬಡಿಸುವಾಗ ಕೇಳಿದಳು.

“ಅವ್ರು ಹ್ಞೂಂ ಅಂದ್ರೆ ಓದೋದು ಎಲ್ಲಿಂದ ಬಂತು?” ಎಂದರು ಅಪ್ಪ. “ಅವರದ್ದೊಂದು ಮಾತು ಬರ್ಲಿ. ಬೇಡ ಅಂದ್ರೆ ನಾನೇ ಬಂದು ಸೇರಿಸ್ತೀನಿ.”

ಹೀಗಾಗಿ ಅವಳಿಗೆ ಮೊಳಕಾಲ್ಮೂರಿನ ಉತ್ತರ ಬೇಗ ಬರಬೇಕಿತ್ತು, ಜುಲೈ ಮೂವತ್ತೊಂದು ನಿಧಾನಕ್ಕೆ ಬರಬೇಕಿತ್ತು. ಎರಡಕ್ಕೂ ಇದ್ದುದು ಒಂದೇ ಗಡಿಯಾರ. ಬೆಳಗಿನ ಕೆಲಸ ಮುಗಿದು ಹತ್ತೂವರೆಯಾದರೆ, ಮತ್ತೆ ಕಣ್ಣೆತ್ತಿ ನೋಡಿದಾಗಲೂ ಅದು ಹತ್ತೂವರೆಯನ್ನೇ ತೋರಿಸುತ್ತಿತ್ತು.

“ಹೊತ್ತು ಹೋಗ್ಲಿಲ್ಲ ಅಂದ್ರೆ ಬೀಜ ಆರ್ಸು” ಎಂದಳು ಅವ್ವ. ಅಪ್ಪನದು ಮಾರುಕಟ್ಟೆ ಯಾರ್ಡಿನಲ್ಲಿ ಬಿತ್ತನೆ ಶೇಂಗಾದ ಅಂಗಡಿ. ಸುಲಿದ ಬೀಜದ ಮೂಟೆಗಳು ಮನೆಗೆ ಬರುತ್ತಿದ್ದವು. ಒಡಕು, ಮುರುಟಿದ್ದು, ಸಿಪ್ಪೆ ಹೋದದ್ದು ತೆಗೆದು ಗಟ್ಟಿ ಬೀಜ ಬೇರೆ ಮಾಡಬೇಕು. ಶೈಲಜಾ ಗಡಿಯಾರಕ್ಕೆ ಬೆನ್ನು ಮಾಡಿ ಕೂತು ಸಾವಿರ ಬೀಜ ಆಗುವವರೆಗೆ ತಿರುಗಬಾರದೆಂದು ಪಣ ತೊಟ್ಟಳು. ಮೊದಮೊದಲು ಸಾವಿರಕ್ಕೆ ಒಂದು ಗಂಟೆ ಸಾಗುತ್ತಿತ್ತು. ಕೈ ಪಳಗಿದಂತೆ ಬೀಜ ಬೇಗ ಮುಗಿಯತೊಡಗಿದವು, ಹೊತ್ತು ಮಾತ್ರ ಮೊದಲಿನಷ್ಟೇ ಉಳಿಯುತ್ತಿತ್ತು. ಫೋನಿನ ಮೇಲೆ ಬಟ್ಟೆ ಹೊದಿಸಿ ಅದು ಅಲ್ಲಿಲ್ಲವೆಂದುಕೊಂಡಳು. ಮಧ್ಯಾಹ್ನ ನಿದ್ದೆ ಮಾಡಿದರೆ ರಾತ್ರಿ ಉದ್ದವಾಗುತ್ತಿತ್ತು.

ಕೊನೆಗೆ ಡೈರಿಯಲ್ಲಿ ಒಂದು ಉಪಾಯ ಸಿಕ್ಕಿತು. ಒಂದು ಸಂಜೆ ಬರೆಯಲು ಕೂತವಳಿಗೆ ನಾಳೆಯೂ ಇದನ್ನೇ ಬರೆಯುತ್ತೇನಲ್ಲ ಅನ್ನಿಸಿ, ನಾಳೆಯದನ್ನೂ ಬರೆದಿಟ್ಟಳು. ‘ಎದ್ದೆ. ಬೀಜ ಆರಿಸಿದೆ. ಫೋನು ಬರಲಿಲ್ಲ.’ ಮಾರನೆಯ ದಿನ ಅಕ್ಷರಕ್ಕೆ ಅಕ್ಷರ ಹಾಗೇ ನಡೆಯಿತು. ಆದರೆ ಬರೆದಾಗಿದೆ ಅನ್ನುವ ನೆಮ್ಮದಿಗೋ ಏನೋ, ಆ ದಿನ ಸ್ವಲ್ಪ ಹಗುರವಾಗಿ ಹೋಯಿತು. ಆಮೇಲೆ ಎರಡು ದಿನದ್ದು, ಒಂದು ವಾರದ್ದು ಮುಂಚಿತವಾಗಿ ಬರೆಯತೊಡಗಿದಳು. ಜುಲೈ ಮಧ್ಯದ ಒಂದು ಮಧ್ಯಾಹ್ನ ಬರೆಯುತ್ತಾ ಬರೆಯುತ್ತಾ ಪುಟ ತಿರುವಿದವಳು ನೋಡುತ್ತಾಳೆ, ಆಗಸ್ಟ್ ಎಂಟರಲ್ಲಿದ್ದಾಳೆ. ಮೂವತ್ತೊಂದನೇ ತಾರೀಖು ಹಿಂದೆ ಸರಿದುಹೋಗಿತ್ತು. ಅದರ ಕೆಳಗೂ ತನ್ನದೇ ಅಕ್ಷರದಲ್ಲಿ, ‘ಬೀಜ ಆರಿಸಿದೆ. ಫೋನು ಬರಲಿಲ್ಲ.’ ಹೊಡೆದುಹಾಕಲು ಪೆನ್ನೆತ್ತಿದಳು. ಅದರ ಜಾಗದಲ್ಲಿ ಬರೆಯಲು ಬೇರೆ ಏನೂ ಹೊಳೆಯದೆ ಹಾಗೇ ಬಿಟ್ಟಳು.

ಜುಲೈ ಮೂವತ್ತು, ಶುಕ್ರವಾರ, ಹನ್ನೊಂದೂವರೆಗೆ ಬಾಗಿಲು ಬಡಿದ ಸದ್ದಾಯಿತು. ಕಮಲಾಕ್ಷಮ್ಮ. ಕಣ್ಣಿನ ಡಾಕ್ಟರಿಗೆ ತೋರಿಸಲು ಮೊಳಕಾಲ್ಮೂರಿನಿಂದ ಬೆಳಗಿನ ಬಸ್ಸಿಗೆ ಬಂದಿದ್ದರು.

“ಏನ್ ವದಿನಾ, ಚೆನ್ನಾಗಿದೀರಾ?” ಎನ್ನುತ್ತಲೇ ಒಳಗೆ ಬಂದರು. ಅತ್ತಿಗೆ ಅನ್ನಲು ಅವರ ಬಾಯಿಗೆ ಬರುತ್ತಿದ್ದುದು ವದಿನಾ ಎಂದೇ. ತವರು ರಾಯದುರ್ಗ, ಹುಟ್ಟು ಮಾತು ತೆಲುಗು, ಕನ್ನಡ ಮದುವೆಯಾಗಿ ಬಂದ ಮೇಲೆ ಕಲಿತದ್ದು.

ಅವ್ವ ಚಾಪೆ ಹಾಸಿ ನೀರು ಕೊಟ್ಟಳು. ಕಮಲಾಕ್ಷಮ್ಮ ಬೀಜದ ರಾಶಿಯ ಮುಂದಿದ್ದ ಶೈಲಜಾಳನ್ನು ನೋಡಿದರು. “ನಿಮಗೆ ಬೇಜಾರಾಗೈತೇನೋ ಅಂತ ನಮ್ಮೆಜಮಾನ್ರು ಈ ಕಡೆ ತಲೇನೇ ಹಾಕ್ಲಿಲ್ಲ. ನೀವೂ ಒಂದು ಫೋನ್ ಮಾಡ್ಲಿಲ್ಲ.”

“ಬೇಜಾರು ಯಾಕೆ ಕಮಲಕ್ಕ? ಅವರಿಗೂ ಅವರ ಯೋಚನೆ ಇರ್ತಾವೆ. ಈ ಆಷಾಢ ಕಳೆದ ಮೇಲೆ ಏನಾದ್ರೂ ಹೇಳ್ತಾರಂತಾ?”

“ಯಾರು?”

“ಸೀರೆ ಅಂಗಡಿಯವ್ರು.”

ಕಮಲಾಕ್ಷಮ್ಮ ಲೋಟ ಕೆಳಗಿಟ್ಟರು. “ಓಂಕಾರಂದು ಮದ್ವೆ ಆಗೋಯ್ತಲ್ಲ ವದಿನಾ. ಆಷಾಢ ಹಿಡಿಯೋಕೆ ಮುಂಚೆನೇ. ಬಳ್ಳಾರಿ ಹುಡುಗಿ.”

“ಮತ್ತೆ ಕಾದು ಅಂದಿದ್ರಲ್ಲ?” ಎಂದಳು ಅವ್ವ.

“ಹೂಂ, ಕಾದು ಅಂದ್ರು. ನಾನೇ ಅಲ್ವಾ ಅಣ್ಣಂಗೆ ಫೋನಾಗೆ ಹೇಳಿದ್ದು?”

“ಕಾದು ಅಂದ ಮೇಲೆ ಕಾದ್ವಿ. ನಾಕು ತಿಂಗಳು ಕಾದ್ವಿ. ಹಿಂಗೆ ಮಾಡೋದಾ ಅವ್ರು?”

“ಯಾಕೆ ಕಾದ್ರಿ ವದಿನಾ, ಕಾದು ಅಂದ ಮೇಲೆ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೀಜ ಆರಿಸುತ್ತಿದ್ದ ಶೈಲಜಾಳ ಕೈ ಮೊದಲು ನಿಂತಿತು. ಕಾಲೇಜಿಗೆ ಹೋಗುವಾಗ ರಾಯದುರ್ಗದ ಬಸ್ಸಿನ ಕಂಡಕ್ಟರು, ಬೇರೆ ಊರಿಗೆ ಹೋಗುವವರು ತಪ್ಪಿ ಹತ್ತಿದರೆ, ‘ಕಾದು, ಕಾದು’ ಎಂದು ಇಳಿಸುತ್ತಿದ್ದುದು ಕಿವಿಗೆ ಬಂತು.

“ಅವ್ವ,” ಎಂದಳು, “ತೆಲುಗಲ್ಲಿ ಕಾದು ಅಂದ್ರೆ ಅಲ್ಲ ಅಂತ. ಆಗಲ್ಲ ಅಂತ.”

ಕಮಲಾಕ್ಷಮ್ಮನಿಗೆ ನಗು ಬಂದುಬಿಟ್ಟಿತು. ನಕ್ಕ ಮೇಲೆ ಅವ್ವನ ಮುಖ ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಅಯ್ಯೋ, ನಾನು ಕನ್ನಡದಾಗೇ ಹೇಳ್ದೆ ಅಂದ್ಕೊಂಡಿದ್ನಲ್ಲಮ್ಮ.”

ಜಂಬುಲಿಂಗಪ್ಪನವರಿಗೆ ತೆಲುಗು ಬಾರದೇನೂ ಇರಲಿಲ್ಲ. ಯಾರ್ಡಿನಲ್ಲಿ ಆಂಧ್ರದವರೊಡನೆ ಚೌಕಾಶಿ ಮಾಡುವಷ್ಟು ಬರುತ್ತಿತ್ತು. ಆದರೆ ಮಗಳ ಸಂಬಂಧದ ಮಾತು ಕೇಳುವಾಗ ಅವರ ಕಿವಿ ತನಗೆ ಬೇಕಾದ ಭಾಷೆಯನ್ನು ಆರಿಸಿಕೊಂಡಿತ್ತು.

ಕಮಲಾಕ್ಷಮ್ಮ ಡಾಕ್ಟರಿಗೆ ಹೊತ್ತಾಯಿತೆಂದು ಎದ್ದರು. ಅವರು ಹೋದ ಮೇಲೆ ಅವ್ವ ಬಾಗಿಲ ಚಿಲಕ ಹಾಕಿ ಅದಕ್ಕೇ ಒರಗಿ ನಿಂತಳು.

“ಅಪ್ಪಂಗೆ ಇವತ್ತು ಹೇಳ್ಬೇಡ. ಬಿತ್ತನೆ ಯಾಪಾರ ಇನ್ನೆರಡು ದಿನ ಐತೆ. ಸೋಮವಾರ ನಾನೇ ನಿಧಾನಕ್ಕೆ ಹೇಳ್ತೀನಿ.”

“ಅರ್ಜಿ ಕೊಡೋಕೆ ನಾಳೆನೇ ಕೊನೆ ಅವ್ವ.”

“ಬರೋ ವರ್ಷ ಹಾಕಿದ್ರಾಯ್ತು ಬಿಡು. ವರ್ಷ ಏನ್ ಮಹಾ, ಕಣ್ಮುಚ್ಚಿ ಬಿಡೋದ್ರಾಗೆ ಹೋಗ್ತೈತೆ.”

ಈ ಒಂದು ಮಾತನ್ನು ಅವ್ವ ಆಡದಿದ್ದರೆ ಶೈಲಜಾ ಬಹುಶಃ ಮತ್ತೆ ಬೀಜದ ಮುಂದೆ ಕೂರುತ್ತಿದ್ದಳು. ಒಂದು ವರ್ಷಕ್ಕೆ ಎಷ್ಟು ಬೆಳಗಿನ ಹತ್ತೂವರೆಗಳು ಎಂಬುದು ಅವಳಿಗೆ ಗೊತ್ತಿತ್ತು. ಟ್ರಂಕಿನಿಂದ ಅರ್ಜಿ ತೆಗೆದುಕೊಂಡಳು. “ಸ್ವಲ್ಪ ಸರಿ ಅವ್ವ” ಎಂದು ಚಿಲಕ ತೆಗೆದಳು. ಅವ್ವ “ಬಿಸಿಲು ಕಣೇ” ಎಂದದ್ದು ಬೀದಿಗೆ ಬಂದ ಮೇಲೆ ಕೇಳಿಸಿತು.

ಯಾರ್ಡಿಗೆ ಅವಳು ಹೋದವಳೇ ಅಲ್ಲ. ಸಾಲು ಅಂಗಡಿ, ಮೂಟೆಗಳ ಮೇಲೆ ಕೂತ ಗಂಡಸರು, ಲಾರಿಯ ಹೊಗೆ. ದಾರಿ ಕೇಳಬೇಕೆಂದು ಎರಡು ಸಲ ಬಾಯಿ ತೆರೆದು ಮುಚ್ಚಿಕೊಂಡು, ಬೋರ್ಡುಗಳನ್ನು ಓದುತ್ತಾ ಹೋಗಿ ಅಂಗಡಿ ಹುಡುಕಿದಳು. ಹಮಾಲಿ ಅಜ್ಜಪ್ಪ ಬೀಜ ತೂಗುತ್ತಿದ್ದ. ಅಪ್ಪ ಅವಳನ್ನು ಕಂಡು ಎದ್ದೇ ನಿಂತರು.

“ಯಾಕೆ? ಅವ್ವಂಗೆ ಏನಾಯ್ತು?”

ಅವಳು ಮೆಲ್ಲಗೆ ಎಲ್ಲ ಹೇಳಿದಳು. ಅಪ್ಪನ ಮುಖ ಕಿವಿಯವರೆಗೆ ಕೆಂಪಾಯಿತು. ಅವರು ಮೊದಲು ಕೇಳಿದ್ದು, “ಯಾರ್ಯಾರಿಗೆ ಗೊತ್ತು?”

“ಇನ್ನೂ ಯಾರಿಗೂ ಗೊತ್ತಿಲ್ಲ.”

“ಮೊಳಕಾಲ್ಮೂರಿನವ್ರು ಕಾಯ್ರಿ ಅಂದವ್ರೆ ಅಂತ ಯಾರ್ಡಿಗೆಲ್ಲ ಹೇಳ್ಕೊಂಡೀನಿ. ಈಗ ನೀನು ಚಿತ್ರದುರ್ಗಕ್ಕೆ ಓದೋಕೆ ಹೊಂಟ್ರೆ ಸಂಬಂಧ ತಪ್ಪೋಯ್ತು ಅಂತ ನಾವೇ ಡಂಗುರ ಹೊಡ್ದಂಗೆ. ಇನ್ನೊಂದು ಸಂಬಂಧ ಕುದುರೋತನಕ ಕಾಯ್ತಾ ಇದೀವಿ ಅಂತಾನೇ ಇರ್ಲಿ.”

“ಬೇಡ ಅಂದ್ರೆ ಸೇರಿಸ್ತೀನಿ ಅಂದಿದ್ರಿ.”

“ಅಂದಿದ್ದೆ. ಮನೆಗೆ ನಡಿ, ಮಾತಾಡಾಣ.”

“ನಾನು ಇಲ್ಲೇ ನಿಂತಿರ್ತೀನಿ,” ಎಂದಳು ಶೈಲಜಾ. “ನೀವು ಸಹಿ ಹಾಕೋತನಕ.”

ಅಪ್ಪ ಕೇಳಿಸದವರಂತೆ ಕೂತರು. ಅವಳು ಕಂಬದ ಪಕ್ಕ, ಅರ್ಜಿ ಎದೆಗೊತ್ತಿ ನಿಂತಳು. ಬಂದುಹೋಗುವವರೆಲ್ಲ ತಿರುಗಿ ನೋಡಿದರು. ಆದರೆ ಕಾಯುವುದು ಅವಳಿಗೆ ಹೊಸದಾಗಿರಲಿಲ್ಲ. ಅಭ್ಯಾಸವಿಲ್ಲದ್ದು ಅಪ್ಪನಿಗೆ. ಅವರು ಒಂದು ಮೂಟೆಯನ್ನು ಎರಡು ಸಲ ತೂಗಿಸಿದರು. ಚಹಾ ತರಿಸಿ ಆರಲು ಬಿಟ್ಟರು. ವಾಚು ನೋಡಿ, ಐದು ನಿಮಿಷವೂ ಆಗದೆ “ಎಷ್ಟಾಯ್ತಲೇ ಟೈಮು?” ಎಂದು ಅಜ್ಜಪ್ಪನನ್ನು ಕೇಳಿದರು.

ದೊಡ್ಡಉಳ್ಳಾರ್ತಿಯ ಸಣ್ಣತಿಮ್ಮಪ್ಪ ಬೀಜ ಕೊಳ್ಳಲು ಬಂದವನು, ಒಂದು ಹಿಡಿ ಬಾಯಿಗೆ ಹಾಕಿಕೊಂಡು ಕೇಳಿದ. “ಮಗಳೇನ್ರಿ ಯಜಮಾನ್ರೆ? ಮೊಳಕಾಲ್ಮೂರಿಗೆ ಕೊಡೋದು ಅಂತಿದ್ರಲ್ಲ, ಇವರೇನಾ?”

ಅಪ್ಪ ತಕ್ಕಡಿಯ ಮುಳ್ಳನ್ನೇ ನೋಡುತ್ತಿದ್ದರು. ಶೈಲಜಾ ಗುರುತಿಲ್ಲದ ಗಂಡಸಿನ ಎದುರು ಬಾಯಿ ತೆರೆದಿದ್ದು ಅದೇ ಮೊದಲು.

“ಇಲ್ಲ ರೀ. ಅವ್ರು ಬೇಡ ಅಂದ್ರು.”

ಅವಳ ದನಿ ಅವಳಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. ಅಜ್ಜಪ್ಪನ ಕೈಯ ಮೊರ ನಿಂತಿತು. ಪಕ್ಕದ ಅಂಗಡಿಯವನೂ ತಲೆಯೆತ್ತಿದ.

“ಬೇಡ ಅಂದ್ರೆ ಬೇಡ ಬಿಡವ್ವ,” ಎಂದ ಸಣ್ಣತಿಮ್ಮಪ್ಪ, ಬೀಜ ಅಗಿಯುತ್ತಾ. “ರೀ, ಇದ್ರಾಗೆ ಹೋದೊರ್ಷದ್ದು ಬೆರಕೆ ಐತೆ. ಹೊಸಾದು ತೋರಿಸ್ರಿ.”

ಅಪ್ಪ ಅವಳ ಮುಖ ನೋಡದೆ ಕೈ ಚಾಚಿದರು. ಅರ್ಜಿಯನ್ನು ಬೀಜದ ಮೂಟೆಯ ಮೇಲಿಟ್ಟು, ಕನ್ನಡಕವನ್ನೂ ಹಾಕಿಕೊಳ್ಳದೆ, ಪೆನ್ನು ಒತ್ತಿ ಸಹಿ ಹಾಕಿದರು. “ನಾಳೆ ಅವ್ವನ್ನ ಕರ್ಕೊಂಡು ಹೋಗು. ಇನ್ಮೇಲೆ ಇಲ್ಲಿಗೆ ಬರ್ಬೇಡ.”

ಯಾರ್ಡಿನ ಗೇಟಿನ ನೆರಳಿಗೆ ಬಂದು ಬಿಡಿಸಿ ನೋಡಿದಳು. ಅಪ್ಪ ಸಹಿ ಹಾಕಿದ್ದು ಅರ್ಜಿದಾರರ ಜಾಗದಲ್ಲಿ. ವಾಪಸು ಹೋಗಿ ಇನ್ನೊಮ್ಮೆ ನಿಲ್ಲುವುದು ಅವಳಿಂದಾಗುತ್ತಿರಲಿಲ್ಲ. ಗೇಟಿನ ಕಾವಲುಗಾರನ ಹತ್ತಿರ ಪೆನ್ನು ಕೇಳಿ ಇಸಿದುಕೊಂಡು, ಗೋಡೆಗೆ ಕಾಗದವಿಟ್ಟು, ಅಪ್ಪನ ಸಹಿಯ ಕೆಳಗೆ ‘ತಂದೆ’ ಎಂದು ಬರೆದಳು. ಪಕ್ಕದಲ್ಲಿ ಉಳಿದಿದ್ದ ಒಂದಿಷ್ಟು ಜಾಗದಲ್ಲಿ ತನ್ನ ಹೆಸರನ್ನು ಚಿಕ್ಕದಾಗಿ ಹಿಡಿಸಿದಳು. ಕಾಲೇಜಿನ ಕಿಟಕಿಯವರು ಇದನ್ನು ತೆಗೆದುಕೊಳ್ಳುತ್ತಾರೋ ಇಲ್ಲವೋ, ಮರುದಿನ ಬೆಳಗಿನ ಏಳರ ಬಸ್ಸಿಗೆ ಹೋದರೆ ತಿಳಿಯುತ್ತಿತ್ತು.